ಮೇ ಕೊನೆಯ ಕಡಲ ನಡಿಗೆ: ಕಾಸರಕೋಡಿನಲ್ಲಿ ಏನು, ಯಾವಾಗ, ಹೇಗೆ ನೋಡಬೇಕು

ಮಳೆ ಹಿಡಿಯುವ ಮೊದಲಿನ ಎರಡು-ಮೂರು ವಾರ ಹೊನ್ನಾವರದ ಕಾಸರಕೋಡಿಗೆ ಒಳ್ಳೆಯ ಕಾಲ. ಮರಳ ದಂಡೆ, ಶರಾವತಿ ಅಳಿವೆ, ಕಾಂಡ್ಲಾವನ (ಮ್ಯಾಂಗ್ರೋವ್ ಕಾಡು) ಮೂರೂ ಒಂದೇ ಬೆಳಿಗ್ಗೆಗೆ ಸಿಗುತ್ತವೆ. ಸರಿಯಾದ ದಿನ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ದಂಡೆಯ ಹೂಗಳು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತವೆ. ಏಡಿಗಳು ಕಾಣುವುದು ನೀರು ಇಳಿದಾಗ. ಎರಡೂ ಕೂಡಿಬರಬೇಕು. ಅಮಾವಾಸ್ಯೆ, ಹುಣ್ಣಿಮೆಗಳಂದು ಇಲ್ಲಿ ಇಳಿತ ನಸುಕಿನ 5ರ ಸುಮಾರಿಗೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಎರಡು-ಮೂರು ದಿನ ಬಿಟ್ಟು ಹೋದರೆ 7ರ ಆಸುಪಾಸಿಗೆ ನೀರು ಪೂರ್ತಿ ಇಳಿದಿರುತ್ತದೆ. ಉಬ್ಬರವಿಳಿತದ ಪಟ್ಟಿ ನೋಡಿಕೊಂಡು 6ಕ್ಕೇ ದಂಡೆಗಿಳಿಯಿರಿ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಎತ್ತರದ ಅಲೆಗಳ ಎಚ್ಚರಿಕೆ ಕೊಟ್ಟಿದ್ದರೆ ಆ ದಿನ ಬೇಡ.

ಮೊದಲು ಒದ್ದೆ ಮರಳು. ಸಾಸಿವೆ, ಮೆಣಸಿನ ಕಾಳಿನಷ್ಟು ಮರಳುಂಡೆಗಳು ಪುಟ್ಟ ಬಿಲದ ಸುತ್ತ ಸಾಲುಗಟ್ಟಿದ್ದರೆ ಅದು ಉಂಡೆ ಕಟ್ಟುವ ಏಡಿಯ ಕೆಲಸ: ಮರಳಿನಲ್ಲಿರುವ ಆಹಾರ ಹೀರಿ ಉಳಿದದ್ದನ್ನು ಉಗುಳಿರುತ್ತದೆ. ಮುಂದಿನ ಉಬ್ಬರ ಇದನ್ನೆಲ್ಲ ಅಳಿಸುತ್ತದೆ, ಹಾಗಾಗಿ ಕಂಡ ಉಂಡೆಗಳೆಲ್ಲ ಇವತ್ತಿನವೇ. ದಂಡೆಯ ಮೇಲ್ಭಾಗದ ದೊಡ್ಡ ಬಿಲಗಳು ಬೇರೆ ಏಡಿಯವು. ಬಾಯಿ ಅಗಲವಿದ್ದಷ್ಟೂ ಒಳಗಿರುವುದು ದೊಡ್ಡದು. ಕೋಲು ತೂರಿಸಬೇಡಿ. ಮೂರು ಮೀಟರ್ ದೂರದಲ್ಲಿ ಕೂತು ಐದು ನಿಮಿಷ ಅಲುಗಾಡದಿರಿ. ಹೆಚ್ಚಿನವರು ಎರಡನೇ ನಿಮಿಷಕ್ಕೇ ಎದ್ದುಬಿಡುತ್ತಾರೆ, ಏಡಿ ಕಾಣದಿರುವುದು ಅದಕ್ಕೇ.

ಬಿಸಿಲೇರಿದ ಮೇಲೆ ಅಡುಂಬು ಬಳ್ಳಿಯತ್ತ ಬನ್ನಿ. ಆಡಿನ ಗೊರಸಿನಂತೆ ಸೀಳಿದ ಎಲೆ, ನೇರಳೆ-ಗುಲಾಬಿ ಹೂ. ಹೂವಿಗಿಂತ ಎಲೆ ಸ್ವಾರಸ್ಯ: ತೊಟ್ಟು ಎಲೆಗೆ ಸೇರುವಲ್ಲಿ ಎರಡು ಚುಕ್ಕೆಗಳಿರುತ್ತವೆ. ಅವು ಮಕರಂದದ ಗ್ರಂಥಿಗಳು, ಇರುವೆಗಳು ಮುತ್ತುವುದು ಅಲ್ಲಿಗೇ. 10x ಭೂತಗನ್ನಡಿ ಸಾಕು. ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಮರಳನ್ನು ಹಿಡಿದಿಟ್ಟಿರುತ್ತದೆ. ತುಳಿದರೆ ಬೇರು ಕಿತ್ತು ಮರಳು ಸಡಿಲಾಗುತ್ತದೆ. ಪಕ್ಕದಲ್ಲೇ ರಾವಣನ ಮೀಸೆ ಹುಲ್ಲು, ಅದರ ಮುಳ್ಳುಚೆಂಡುಗಳು ಗಾಳಿಗೆ ಉರುಳುತ್ತ ಬೀಜ ಹರಡುತ್ತವೆ. ಬರಿಗಾಲು ಬೇಡ.

ಹಕ್ಕಿಗಾಗಿಯೇ ಬರುವವರಿಗೆ ಚಳಿಗಾಲವೇ ಸರಿ; ವಲಸೆ ಹಕ್ಕಿಗಳು ಈಗ ಬಹುಪಾಲು ಹೋಗಿರುತ್ತವೆ. ಗರುಡ, ಬಿಳಿ ಹೊಟ್ಟೆಯ ಕಡಲ ಹದ್ದು ಸಿಗಬಹುದು.

ದಡಕ್ಕೆ ಬಿದ್ದ ಜೆಲ್ಲಿ ಫಿಶ್ ಸತ್ತಿದ್ದರೂ ಚುಚ್ಚುತ್ತದೆ. ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಸಮುದ್ರದ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ. ಖಾಲಿ ಚಿಪ್ಪನ್ನೂ ಜೇಬಿಗೆ ಹಾಕಬೇಡಿ, ಸನ್ಯಾಸಿ ಏಡಿಗೆ ಅದೇ ಮನೆ.

ಕಾಂಡ್ಲಾವನ ಕೊನೆಗೆ. ಅಳಿವೆಯ ಒಳಗೆ ಇಳಿತ ತಡವಾಗಿ ಮುಟ್ಟುವುದರಿಂದ ದಂಡೆ ಮುಗಿಸಿ ಬಂದರೂ ಕೆಸರು ತೆರೆದೇ ಇರುತ್ತದೆ. ಮರದ ಕಾಲುದಾರಿಯಿಂದ ಬಗ್ಗಿ ನೋಡಿ: ಒಂದೇ ಇಕ್ಕಳ ದೊಡ್ಡದಾಗಿ, ಅದನ್ನು ಕೈಬೀಸಿ ಕರೆಯುವಂತೆ ಆಡಿಸುತ್ತಿದ್ದರೆ ಅದು ಗಂಡು ಏಡಿ. ಕೆಸರಲ್ಲಿ ಜಿಗಿಯುತ್ತಿರುವುದು ಕಪ್ಪೆಯಲ್ಲ, ಮಡ್‌ಸ್ಕಿಪ್ಪರ್ ಮೀನು. ಪೆನ್ಸಿಲಿನಂಥ ಉಸಿರುಬೇರುಗಳನ್ನು ಮೇಲಕ್ಕೆತ್ತಿರುವ ಮರ ಅವಿಸೀನಿಯಾ. ಮಳೆ ಬಿದ್ದಿರದಿದ್ದರೆ ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ತಾಗಿಸಿ. ಉಪ್ಪು.