ನಲವತ್ತು ಡ್ರಾಯಿಂಗ್ ಶುಚಿ ಮಾಡಲು ಒಂದು ನೋಟ್‌ಪ್ಯಾಡ್ ಸಾಕು

ಬೆಂಗಳೂರಿನ ಪೀಣ್ಯದ ಕಡೆ ಲೇಸರ್ ಕಟಿಂಗ್‌ಗೆ ಶೀಟ್ ಮೆಟಲ್ ಕೆಲಸ ಕೊಡುವವರಿಗೆ ಈ ಸಮಸ್ಯೆ ಗೊತ್ತಿರುತ್ತದೆ. ಡ್ರಾಯಿಂಗ್‌ನಲ್ಲಿ ಒಂದೇ ಗೆರೆ ಎರಡು ಸಲ ಇರುತ್ತದೆ, ಒಂದರ ಮೇಲೊಂದು. ಕಣ್ಣಿಗೆ ಕಾಣಲ್ಲ, ಆದರೆ ಮಷೀನ್‌ಗೆ ಕಾಣುತ್ತದೆ. ಒಮ್ಮೆ ನಾನು ಕಳಿಸಿದ ಬ್ರಾಕೆಟ್‌ನಲ್ಲಿ ಹೀಗೇ ಆಯಿತು. ಕತ್ತರಿಸಿದ ಜಾಗದಲ್ಲೇ ಲೇಸರ್ ಮತ್ತೆ ಓಡಿ ಅಂಚು ಸುಟ್ಟು ಕಪ್ಪಾಯಿತು. ಕಟಿಂಗ್ ದುಡ್ಡು ಕೂಡ ಜಾಸ್ತಿ ಆಯಿತು.

ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ ಇಂಥ ಗೆರೆ ಅಳಿಸುವ ಕಮಾಂಡ್ ‘ಓವರ್‌ಕಿಲ್’. ಒಂದು ಡ್ರಾಯಿಂಗ್ ಆದರೆ ಕೈಯಲ್ಲೇ ಮಾಡಬಹುದು. ನಲವತ್ತು ಇದ್ದರೆ? ಆಗ ಸ್ಕ್ರಿಪ್ಟ್ ಬೇಕು. ಪ್ರೋಗ್ರಾಮಿಂಗ್ ಕಲಿಯಬೇಕಾಗಿಲ್ಲ. ನೀವು ಕೀಬೋರ್ಡ್‌ನಲ್ಲಿ ಕೊಡುವ ಉತ್ತರಗಳನ್ನೇ ಸಾಲಾಗಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್.

ಮೊದಲು ಫೋಲ್ಡರ್‌ನ ಕಾಪಿ ಮಾಡಿ. ಇದನ್ನು ಯಾವತ್ತೂ ಬಿಡಬೇಡಿ. ಮೂಲ ಫೈಲ್ ಮೇಲೆ ಸ್ಕ್ರಿಪ್ಟ್ ಓಡಿಸಿ ಕೈ ಸುಟ್ಟುಕೊಂಡವರು ಬಹಳ ಜನ.

ಆಮೇಲೆ ಒಂದು ಡ್ರಾಯಿಂಗ್ ತೆರೆದು ಎಲ್ಲವನ್ನೂ ಕೈಯಲ್ಲೇ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ನೋಡಿ. ಫೈಲ್‌ನ ದೋಷ ಹುಡುಕುವ ‘ಆಡಿಟ್’ ಕೊಟ್ಟು, ತಪ್ಪು ಸರಿಪಡಿಸಲಾ ಎಂದಾಗ ‘ವೈ’. ನಂತರ ಹೈಫನ್ ಹಾಕಿ ‘ಓವರ್‌ಕಿಲ್’, ‘ಆಲ್’. ಹಾಗೇ, ಬಳಸದೆ ಉಳಿದದ್ದನ್ನು ತೆಗೆಯಲು ಹೈಫನ್ ಹಾಕಿ ‘ಪರ್ಜ್’, ‘ಎ’, ನಕ್ಷತ್ರ ಚಿಹ್ನೆ, ‘ಎನ್’. ಡ್ರಾಯಿಂಗ್ ಪೂರ್ತಿ ಕಾಣಲು ‘ಜೂಮ್’, ‘ಇ’. ಕೊನೆಗೆ ಸೇವ್ ಮಾಡಿ ಮುಚ್ಚಲು ‘ಕ್ಯೂಸೇವ್’, ‘ಕ್ಲೋಸ್’. ಹೈಫನ್ ಇದ್ದರೆ ಡೈಲಾಗ್ ಬಾಕ್ಸ್ ಬರಲ್ಲ, ಪ್ರಶ್ನೆಗಳು ನೀವು ಟೈಪ್ ಮಾಡುವ ಕಮಾಂಡ್ ಲೈನ್‌ನಲ್ಲೇ ಬರುತ್ತವೆ. ಸ್ಕ್ರಿಪ್ಟ್‌ಗೆ ಬೇಕಿರುವುದು ಅದೇ.

ಈಗ ಸೂಕ್ಷ್ಮ ವಿಷಯ. ಸ್ಕ್ರಿಪ್ಟ್‌ನಲ್ಲಿ ಒಂದು ಸ್ಪೇಸ್ ಅಂದರೆ ಒಂದು ಎಂಟರ್. ‘ಆಲ್’ ಆದ ಮೇಲೆ ಮೂರು ಸ್ಪೇಸ್ ಬೇಕು. ಮೊದಲನೆಯದು ‘ಆಲ್’ ಒಪ್ಪಿಸಲು, ಎರಡನೆಯದು ಆಯ್ಕೆ ಮುಗಿಸಲು, ಮೂರನೆಯದು ‘ಡನ್’ ಎನ್ನಲು. ಎರಡೇ ಹಾಕಿದರೆ ಮುಂದಿನ ಕಮಾಂಡ್ ಹೋಗಿ ಓವರ್‌ಕಿಲ್‌ನ ಪ್ರಶ್ನೆಗೆ ಉತ್ತರವಾಗಿ ಕೂರುತ್ತದೆ, ಅಲ್ಲಿಂದ ಎಲ್ಲ ತಲೆಕೆಳಗು. ಸ್ಕ್ರಿಪ್ಟ್ ನಿಂತರೆ ಹತ್ತರಲ್ಲಿ ಒಂಬತ್ತು ಸಲ ಸ್ಪೇಸ್‌ನದ್ದೇ ತಪ್ಪು ಅಂತ ನನ್ನ ಅನುಭವ.

ನಲವತ್ತು ಫೈಲ್‌ಗೆ ನಲವತ್ತು ಸಾಲು ಬೇಕು, ಅದನ್ನು ಎಕ್ಸೆಲ್‌ಗೆ ಬಿಡಿ. ವಿಂಡೋಸ್‌ನಲ್ಲಿ ಆ ಕಾಪಿ ಫೋಲ್ಡರ್ ತೆರೆದು ಎಲ್ಲ ಫೈಲ್ ಆಯ್ದು, ಶಿಫ್ಟ್ ಒತ್ತಿ ರೈಟ್ ಕ್ಲಿಕ್ ಮಾಡಿ, ‘ಕಾಪಿ ಆ್ಯಸ್ ಪಾತ್’ ಕೊಡಿ. ಎಕ್ಸೆಲ್‌ನ ಮೊದಲ ಕಾಲಮ್‌ನಲ್ಲಿ ಪೇಸ್ಟ್ ಮಾಡಿ. ಹೆಸರಿನ ಸುತ್ತ ಕೋಟ್ ಗುರುತು ತಾನಾಗೇ ಬಂದಿರುತ್ತದೆ. ಹೆಸರಲ್ಲಿ ಸ್ಪೇಸ್ ಇರುವ ಫೈಲ್‌ಗೆ ಅದು ಬೇಕೇ ಬೇಕು. ಪಕ್ಕದ ಕಾಲಮ್‌ನಲ್ಲಿ ಆ್ಯಂಪರ್‌ಸ್ಯಾಂಡ್ (&) ಬಳಸಿ ‘ಓಪನ್’, ಒಂದು ಸ್ಪೇಸ್, ಫೈಲ್ ಹೆಸರು, ಇನ್ನೊಂದು ಸ್ಪೇಸ್, ಮೇಲಿನ ಕಮಾಂಡ್‌ಗಳನ್ನು ಜೋಡಿಸಿ ಕೆಳಗೆ ಎಳೆಯಿರಿ.

ಆ ಕಾಲಮ್ಮನ್ನು ನೋಟ್‌ಪ್ಯಾಡ್‌ಗೆ ಹಾಕಿ. ಕೊನೆಯ ಸಾಲಿನ ನಂತರ ಒಂದು ಎಂಟರ್ ಇರಲಿ, ಇಲ್ಲದಿದ್ದರೆ ಕೊನೆಯ ‘ಕ್ಲೋಸ್’ ಸುಮ್ನೆ ಕಾಯುತ್ತಾ ನಿಲ್ಲುತ್ತದೆ. ಸೇವ್ ಮಾಡುವಾಗ ‘ಆಲ್ ಫೈಲ್ಸ್’ ಆಯ್ದು, ಹೆಸರಿನ ಕೊನೆಗೆ ಚುಕ್ಕೆ ಹಾಕಿ ‘ಎಸ್‌ಸಿಆರ್’ ಅಂತ ಕೊಡಿ.

ಖಾಲಿ ಡ್ರಾಯಿಂಗ್ ತೆರೆದು ‘ಸ್ಕ್ರಿಪ್ಟ್’ ಕಮಾಂಡ್ ಕೊಟ್ಟು ಓಡಿಸಿ. ಮೊದಲು ಎರಡೇ ಸಾಲಿನ ಫೈಲ್‌ನಿಂದ ಶುರು ಮಾಡಿ. ಎಸ್ಕೇಪ್ ಒತ್ತಿದರೆ ನಿಲ್ಲುತ್ತದೆ, ‘ರೆಸ್ಯೂಮ್’ ಅಂದರೆ ಮುಂದುವರಿಯುತ್ತದೆ.

ಒಂದು ಎಚ್ಚರಿಕೆ. ಎರಡು ಗೆರೆ ಬೇರೆ ಬೇರೆ ಲೇಯರ್‌ನಲ್ಲಿದ್ದರೆ (ಲೇಯರ್ ಅಂದರೆ ಡ್ರಾಯಿಂಗ್‌ನ ಪದರ), ಲೇಯರ್ ಲೆಕ್ಕಕ್ಕೆ ಬೇಡ ಎಂದು ನೀವು ಹೇಳದ ಹೊರತು ಓವರ್‌ಕಿಲ್ ಅವನ್ನು ಮುಟ್ಟಲ್ಲ. ಹಾಗಂತ ಕಣ್ಣು ಮುಚ್ಚಿ ಹೇಳಲೂಬಾರದು. ಶೀಟ್ ಎಲ್ಲಿ ಮಡಚಬೇಕೆಂದು ತೋರಿಸುವ ಬೆಂಡ್ ಲೈನ್ ಬೇರೆ ಲೇಯರ್‌ನಲ್ಲಿರುವುದಕ್ಕೆ ಕಾರಣ ಇದೆ, ಅಲ್ವಾ? ಹಾಗಾಗಿ ಕಟಿಂಗ್ ಗೆರೆಗಳನ್ನೆಲ್ಲ ಮೊದಲು ಒಂದೇ ಲೇಯರ್‌ಗೆ ತನ್ನಿ, ಆಮೇಲೆ ಸ್ಕ್ರಿಪ್ಟ್ ಓಡಿಸಿ. ಕಟಿಂಗ್‌ನವರಿಗೆ ಕೊಡುವ ಡಿಎಕ್ಸ್ಎಫ್ ಫೈಲ್ ಮಾಡಿ ಕಳಿಸುವುದು ಅದಾದ ಮೇಲೆ.