ಮಂಚದ ಅಂಚಿಗೆ ಫೋಮ್ ತಡೆ: ನಮ್ಮ ಮನೆಯ ಪ್ರಯೋಗ

ಮಗ ಮಂಚದಿಂದ ಬಿದ್ದ ಶಬ್ದ ನಮಗೆ ಕೇಳಲೇ ಇಲ್ಲ. ಜುಲೈ ತಿಂಗಳು, ಕೊಡಗಿನ ನಾಪೋಕ್ಲು ಕಡೆಯ ಮಳೆ. ಹಂಚಿನ ಮೇಲೆ ಸುರಿಯಲು ಶುರುವಾದರೆ ಪಕ್ಕದಲ್ಲಿದ್ದವರ ಮಾತೂ ಕೇಳುವುದಿಲ್ಲ. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ನಿದ್ದೆಗಣ್ಣಲ್ಲಿ ಕೈ ಚಾಚಿ ತಡಕಿದೆ, ಮಗು ಇಲ್ಲ. ಆಮೇಲೆ ಕೆಳಗಿನಿಂದ ಅಳು ಕೇಳಿತು. ಟಾರ್ಚ್ ಹಾಕಿದರೆ ರೆಡ್ ಆಕ್ಸೈಡ್ ನೆಲದ ಮೇಲೆ ಕೂತಿದ್ದಾನೆ. ಹಣೆಯಲ್ಲಿ ನೆಲ್ಲಿಕಾಯಿ ಗಾತ್ರದ ಬುಗುಟು.

ಆಗ ಅವನಿಗೆ 20 ತಿಂಗಳು. "ಬೀಳದೆ ಬೆಳೆದ ಮಕ್ಕಳು ಯಾರಿದ್ದಾರೆ, ಸುಮ್ನಿರು" ಅಂದರು ಅತ್ತೆ. ನನಗೆ ಸುಮ್ಮನಿರಲು ಆಗಲಿಲ್ಲ. ಬೆಳಕು ಹರಿದ ಕೂಡಲೇ ಮಡಿಕೇರಿಗೆ ಕರೆದುಕೊಂಡು ಹೋದೆವು. ಡಾಕ್ಟರ್ ಮೊದಲು ಕೇಳಿದ್ದು, ಎಷ್ಟು ಎತ್ತರದಿಂದ ಬಿದ್ದ ಅಂತ. ಮಂಚದಿಂದ ಅಂದೆ. "ಮಂಚ ಎಷ್ಟು ಎತ್ತರ ಇದೆಯಮ್ಮ?" ನನಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ಎರಡು ವರ್ಷದೊಳಗಿನ ಮಕ್ಕಳು ಮೂರು ಅಡಿಗಿಂತ ಮೇಲಿನಿಂದ ಬಿದ್ದರೆ ಸ್ವಲ್ಪ ಜಾಸ್ತಿ ಹುಷಾರಾಗಿ ನೋಡುತ್ತೇವೆ ಅಂದರು. ಮೇಲಿಂದ ಮೇಲೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿಯಿಂದಲೋ ಮೂಗಿನಿಂದಲೋ ನೀರು ಅಥವಾ ರಕ್ತ, ಇದರಲ್ಲಿ ಒಂದು ಕಂಡರೂ ತಡಮಾಡದೆ ಬನ್ನಿ ಅಂತ ಹೇಳಿ ಕಳಿಸಿದರು. ದೇವರ ದಯೆ, ಏನೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಟೇಪ್ ಹಿಡಿದು ಅಳೆದೆವು. ನಮ್ಮದು ಇವರ ಅಜ್ಜನ ಕಾಲದ ಬೀಟೆ ಮಂಚ. ಹಲಗೆಯೇ ಎರಡೂವರೆ ಅಡಿ ಎತ್ತರ. ಅದರ ಮೇಲೆ ನಾವು ಹಾಕಿದ್ದು ಎಂಟು ಇಂಚಿನ ಹಾಸಿಗೆ. ಒಟ್ಟು ಮೂರು ಅಡಿ ಎರಡು ಇಂಚು!

ಅಳೆಯುವಾಗ ಅತ್ತೆ ಪಕ್ಕದಲ್ಲೇ ನಿಂತಿದ್ದರು. ಮಂಚದ ಪಕ್ಕದ ಪಟ್ಟಿ ತೋರಿಸಿ, "ಇದು ಯಾಕೆ ಇಟ್ಟಿದ್ದಾರೆ ಅಂದುಕೊಂಡೆ?" ಅಂದರು. ಹಲಗೆಯಿಂದ ನಾಲ್ಕು ಇಂಚು ಮೇಲೆ ಬರುವ ಪಟ್ಟಿ ಅದು. ಹಿಂದೆ ತೆಳ್ಳಗಿನ ಹತ್ತಿ ಹಾಸಿಗೆ ಆ ಪಟ್ಟಿಯ ಒಳಗೆ ಕೂರುತ್ತಿತ್ತು. ಮಲಗಿದವರಿಗೆ ಸುತ್ತಲೂ ಮರದ ತಡೆ. ನಾವು ಪೇಟೆಯಿಂದ ದಪ್ಪ ಹಾಸಿಗೆ ತಂದು, ಇದ್ದ ತಡೆಯನ್ನು ಮುಚ್ಚಿ, ಅದರ ಮೇಲೆ ಮಗುವನ್ನು ಮಲಗಿಸಿದ್ದೆವು. ಹೇಳಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಆಗಿದ್ದು. ಹಾಗಂತ ಹತ್ತಿ ಹಾಸಿಗೆಗೆ ವಾಪಸ್ ಹೋಗುವ ಹಾಗೂ ಇಲ್ಲ. ನಮ್ಮ ಮಳೆಗಾಲದಲ್ಲಿ ಹತ್ತಿ ತೇವ ಕುಡಿದು ಕಲ್ಲಾಗುತ್ತದೆ, ಒಣಗಿಸಲು ಬಿಸಿಲು ಎಲ್ಲಿದೆ?

ನೆಲದಲ್ಲೇ ಮಲಗಿಸಿ ಅಂತ ಎಲ್ಲರೂ ಹೇಳಿದರು. ಬೇಸಿಗೆಯಾಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ, ಅದಕ್ಕಿಂತ ಸುಲಭದ್ದು ಇಲ್ಲ. ಆದರೆ ಮಳೆಗಾಲದಲ್ಲಿ ನಮ್ಮ ನೆಲ ಬೆವರುತ್ತದೆ. ಬಚ್ಚಲುಮನೆ ಕಡೆಯಿಂದ ಜರಿಗಳೂ ಬರುತ್ತವೆ. ಬೆರಳುದ್ದದ ಜರಿ ಮಗುವಿನ ಹಾಸಿಗೆ ಹತ್ತಿರ ಹರಿಯುವುದನ್ನು ಒಂದು ಸಲ ನೋಡಿದ ಮೇಲೆ ಆ ಮಾತು ಬಿಟ್ಟೆ.

ಮೊದಲು ಕಂಬಳಿ ಸುರುಳಿ ಸುತ್ತಿ ಅಂಚಿಗಿಟ್ಟೆ. ಎರಡು ರಾತ್ರಿಗೆ ಬಿಚ್ಚಿಕೊಂಡು ಚಪ್ಪಟೆಯಾಯಿತು. ಲೋಡು ದಿಂಬು ಇಟ್ಟೆ, ಅದನ್ನು ಅವನೇ ಒದ್ದು ಕೆಳಗೆ ಬೀಳಿಸಿದ. ಕಬ್ಬಿಣದ ಚೌಕಟ್ಟಿಗೆ ಬಲೆ ಹಾಕಿದ ತಡೆಗಳು ಸಿಗುತ್ತವೆ, ಕಾಲುಗಳನ್ನು ಹಾಸಿಗೆಯ ಅಡಿಗೆ ತೂರಿಸುವ ತರಹದವು. ಅವು ಸಾಮಾನ್ಯವಾಗಿ ಎರಡರಿಂದ ಐದು ವರ್ಷದ, ಮಂಚ ಹತ್ತಿ ಇಳಿಯಲು ಬರುವ ಮಕ್ಕಳಿಗೆ. ಸಡಿಲವಾಗಿ ಕೂತರೆ ಹಾಸಿಗೆಗೂ ಚೌಕಟ್ಟಿಗೂ ನಡುವೆ ಸಂದು ಬಿಡುತ್ತದೆ. ಮಗು ಅದರೊಳಗೆ ಜಾರಿ ಸಿಕ್ಕಿಕೊಂಡರೆ ಬೀಳುವುದಕ್ಕಿಂತ ಅಪಾಯ. ನಮ್ಮ ಹಳೇ ಮಂಚಕ್ಕೆ ಅದು ಸರಿಯಾಗಿ ಕೂರುವುದೂ ಇಲ್ಲ.

ಕೊನೆಗೆ ಆನ್‌ಲೈನ್‌ನಲ್ಲಿ ಫೋಮ್ ತಡೆ ತರಿಸಿದೆ. ನಾಲ್ಕು ಅಡಿ ಉದ್ದ, ನಾಲ್ಕು ಇಂಚು ಎತ್ತರ, ಲೋಡು ದಿಂಬನ್ನು ಉದ್ದಕ್ಕೆ ಸೀಳಿದ ಹಾಗೆ. 18 ತಿಂಗಳ ಮೇಲಿನವರಿಗೆ ಅಂತ ಬರೆದಿತ್ತು. ಗಾಳಿ ತೆಗೆದು ಚಪಾತಿ ಹಾಗೆ ಒತ್ತಿ ಕಳಿಸಿದ್ದರು. ಒಂದು ದಿನದಲ್ಲಿ ಉಬ್ಬುತ್ತದೆ ಅಂತ ಇತ್ತು, ನಮ್ಮ ಚಳಿಗೆ ಮೂರು ದಿನ ಬೇಕಾಯಿತು. ಅದು ಮೆಮೊರಿ ಫೋಮ್. ಚಳಿಯಲ್ಲಿ ಬಿಗಿದುಕೊಳ್ಳುತ್ತದೆ, ಮೈ ಬಿಸಿ ತಾಗಿದಲ್ಲಿ ಮಾತ್ರ ಮೆತ್ತಗಾಗಿ ಕುಸಿಯುತ್ತದೆ. ಅಂದರೆ ಮಗು ಒರಗಿದ ಜಾಗದಲ್ಲೇ ತಗ್ಗು. ಬೆಂಗಳೂರಿನಲ್ಲಿ ಕೂತು ಹೊಗಳಿ ಬರೆದವರಿಗೆ ಇದು ಗೊತ್ತಾಗಿರಲಿಕ್ಕಿಲ್ಲ.

ಮಗನ ಮೇಲೆ ಪ್ರಯೋಗ ಮಾಡುವುದು ಬೇಡ ಅಂತ ಇವರು ಹತ್ತು ಕೆ.ಜಿ. ಅಕ್ಕಿ ಚೀಲಕ್ಕೆ ಟವೆಲ್ ಸುತ್ತಿ ತಂದರು. ಅವನ ತೂಕ ಆಗ ಹನ್ನೊಂದು ಕೆ.ಜಿ., ಹೆಚ್ಚು ಕಮ್ಮಿ ಸರಿ ಹೋಯಿತು. ಮೊದಲು ಫೋಮನ್ನು ಬೆಡ್‌ಶೀಟ್ ಮೇಲೆ ಇಟ್ಟು ಚೀಲ ಉರುಳಿಸಿದೆವು. ಚೀಲ ಫೋಮನ್ನು ತಳ್ಳಿಕೊಂಡು ಎರಡೂ ಒಟ್ಟಿಗೆ ಕೆಳಗೆ ಬಿದ್ದವು. ಆಮೇಲೆ ಫೋಮಿನ ಮೇಲಿನಿಂದ ಶೀಟ್ ಎಳೆದು ಹಾಸಿಗೆ ಅಡಿಗೆ ಸಿಕ್ಕಿಸಿದೆವು. ಈ ಸಲ ಚೀಲ ದಿಬ್ಬ ಹತ್ತಿ ವಾಪಸ್ ಉರುಳಿತು. ಮಗ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಇನ್ನೊಂದು ಸಲ, ಇನ್ನೊಂದು ಸಲ ಅಂತ ಹಟ.

ಅಷ್ಟು ಹೊತ್ತಿಗೆ ನನಗೆ ಒಂದು ವಿಷಯ ಅರ್ಥವಾಯಿತು. ನಾಲ್ಕೈದು ಇಂಚಿನ ಫೋಮ್ ಮಗುವನ್ನು ಗೋಡೆ ಹಾಗೆ ತಡೆಯುವುದಿಲ್ಲ, ಮನಸ್ಸು ಮಾಡಿದರೆ ಅವನು ದಾಟಿಯೇ ದಾಟುತ್ತಾನೆ. ನಿದ್ದೆಯಲ್ಲಿ ಉರುಳುವಾಗ ಮೈಗೆ ಏರು ಸಿಕ್ಕಿದರೆ ತಾನಾಗಿ ಈ ಕಡೆ ತಿರುಗುತ್ತಾನೆ, ಅದರ ಕೆಲಸ ಅಷ್ಟೇ. ಆ ಏರು ಜಾಗ ಬಿಟ್ಟು ಕದಲಬಾರದು. ಹಾಗಾಗಿ ನನ್ನ ತಲೆನೋವೆಲ್ಲ ಫೋಮಿಗಿಂತ ಬೆಡ್‌ಶೀಟಿನದ್ದೇ ಆಯಿತು.

ನಮ್ಮ ಶೀಟ್ 90 ಇಂಚು ಅಗಲ. ಹಾಸಿಗೆ ಅಗಲ 60. ಎರಡು ಬದಿಯ ದಪ್ಪ ಎಂಟು ಎಂಟು, ಸೇರಿಸಿದರೆ 76. ಫೋಮ್ ಹತ್ತಿ ಇಳಿಯಲು ಇನ್ನೊಂದು ನಾಲ್ಕು. ಅಡಿಗೆ ಸಿಕ್ಕಿಸಲು ಒಂದೊಂದು ಬದಿಗೆ ಐದೇ ಇಂಚು ಉಳಿಯುತ್ತಿತ್ತು. ಬೆಳಗಿನ ಜಾವಕ್ಕೆ ಶೀಟ್ ಕಿತ್ತು ಬಂದಿರುತ್ತಿತ್ತು. ಪೇಟೆಯ ಟೈಲರಣ್ಣನ ಹತ್ತಿರ ಎರಡೂ ಅಂಚಿಗೆ ಹಳೇ ಪಂಚೆಯ ಒಂದೊಂದು ಅಡಿ ಪಟ್ಟಿ ಸೇರಿಸಿ, ನಾಲ್ಕು ಮೂಲೆಗೆ ಎಲಾಸ್ಟಿಕ್ ಹಾಕಿಸಿಕೊಂಡೆ. ಮಳೆಗಾಲದಲ್ಲಿ ಕೆಲಸ ಇಲ್ಲದೆ ಕೂತಿದ್ದರು, ಅರ್ಧ ಗಂಟೆಯಲ್ಲಿ ಹೊಲಿದು ಕೊಟ್ಟರು. ಆಮೇಲೆ ಶೀಟ್ ಅಲ್ಲಾಡಲಿಲ್ಲ. ಫೋಮಿನ ಅಡಿಗೆ ಕಾಲೊರೆಸು ಜಾರದಂತೆ ಹಾಕುವ ರಬ್ಬರ್ ಜಾಲರಿಯ ಒಂದು ತುಂಡನ್ನೂ ಇಟ್ಟೆ.

ಫೋಮನ್ನು ತಲೆಹಲಗೆಗೆ ತಾಗಿಸಿಯೇ ಇಡಬೇಕು. ನಾನು ಮೊದಲು ಒಂದು ಗೇಣು ಬಿಟ್ಟಿದ್ದೆ. ಮಕ್ಕಳು ರಾತ್ರಿಯೆಲ್ಲ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತಾರೆ, ತಲೆ ಸರಿಯಾಗಿ ಆ ಸಂದಿಗೆ ಹೋಗಿತ್ತು. ಕಾಲಿನ ಕಡೆ ಎರಡು ಅಡಿ ಬಿಟ್ಟಿದ್ದೇವೆ, ಇಳಿಯುವವರು ಅಲ್ಲಿಂದ ಇಳಿಯಲಿ ಅಂತ. ಹೊಟ್ಟೆ ಅಡಿ ಮಾಡಿ ಕಾಲು ಮೊದಲು ಬಿಟ್ಟು ಇಳಿಯುವುದನ್ನು ಹಗಲಿನಲ್ಲಿ ಆಟದ ಹಾಗೆ ಕಲಿಸಿದೆವು. ಅದಕ್ಕೆ ಒಂದು ವಾರ ಸಾಕಾಯಿತು.

ಇಷ್ಟೆಲ್ಲ ಆದ ಮೇಲೆ ಗೋಡೆ ಕಡೆ ಯೋಚನೆಯೇ ಮಾಡಿರಲಿಲ್ಲ. ಗೋಡೆ ಇದೆಯಲ್ಲ ಅಂತ ಧೈರ್ಯ. ಆದರೆ ಕೊಡಗಿನ ಮನೆಗಳಲ್ಲಿ ಮಳೆಗಾಲಕ್ಕೆ ಗೋಡೆ ತೇವ ಎಳೆಯುತ್ತದೆ, ಹಾಸಿಗೆಗೆ ಬೂಷ್ಟು ಹತ್ತುತ್ತದೆ ಅಂತ ಮಂಚವನ್ನು ಅರ್ಧ ಅಡಿ ಈಚೆಗೆ ಎಳೆದಿಡುತ್ತೇವೆ. ಆಗಸ್ಟಿನ ಒಂದು ರಾತ್ರಿ ಎಚ್ಚರವಾಗಿ ನೋಡಿದರೆ ಮಗ ಆ ಸಂದಿಯಲ್ಲಿ ಕಾಲು ಕೆಳಗಾಗಿ ಇಳಿದಿದ್ದಾನೆ. ಎರಡು ಕಂಕುಳು ಹಾಸಿಗೆ ಅಂಚಿಗೆ ಸಿಕ್ಕಿ ನೇತಾಡುತ್ತಿದ್ದ. ಅಳುತ್ತಲೂ ಇರಲಿಲ್ಲ. ಬಿದ್ದ ದಿನಕ್ಕಿಂತ ಅವತ್ತು ನಾನು ಜಾಸ್ತಿ ಹೆದರಿದ್ದು. ಕೈ ಎರಡೂ ಮೇಲೆ ಇಲ್ಲದಿದ್ದರೆ ಕುತ್ತಿಗೆಯೇ ಸಿಗುತ್ತಿತ್ತು.

ಮಾರನೇ ದಿನವೇ ಮಂಚವನ್ನು ಗೋಡೆಯಿಂದ ಎರಡು ಅಡಿ ಈಚೆಗೆ ತಂದೆವು. ಒಂದೋ ಹಾಸಿಗೆ ಗೋಡೆಗೆ ಒತ್ತಿ ಕೂತಿರಬೇಕು, ಇಲ್ಲ ಮನುಷ್ಯ ಓಡಾಡುವಷ್ಟು ಜಾಗ ಇರಬೇಕು. ನಡುವಿನದ್ದು ಬೇಡವೇ ಬೇಡ. ಅದೇ ವಾರ ಎಂಟು ಇಂಚಿನ ಹಾಸಿಗೆ ಅತ್ತೆಯ ಕೋಣೆಗೆ ಹೋಯಿತು, ನಾಲ್ಕು ಇಂಚಿನದ್ದು ಬಂತು. ಹಳೇ ಹತ್ತಿ ಹಾಸಿಗೆಯನ್ನು ಮಂಚದ ಪಕ್ಕ ನೆಲಕ್ಕೆ ಹಾಸಿದೆ, ಬಿದ್ದರೂ ಅದರ ಮೇಲೇ ಬೀಳಲಿ ಅಂತ. ಅದನ್ನು ದಿನಾ ಬೆಳಿಗ್ಗೆ ಎತ್ತಿ ನಿಲ್ಲಿಸಬೇಕು, ಇಲ್ಲದಿದ್ದರೆ ಅಡಿಯಲ್ಲಿ ನೀರು.

ಆನ್‌ಲೈನ್ ಫೋಮ್ ಆ ಮಳೆಗಾಲ ದಾಟಲಿಲ್ಲ. ಒಂದು ರಾತ್ರಿ ಉಚ್ಚೆ ಒಳಗಿಳಿಯಿತು. ಸ್ಪಂಜು ಅಲ್ವಾ, ಕುಡಿದುಬಿಟ್ಟಿತು. ನಾಲ್ಕು ದಿನ ಒಣಗಿಸಿದರೂ ಹಿಂಡಿದರೆ ತೇವ. ಹತ್ತನೇ ದಿನಕ್ಕೆ ಒಳಗೆಲ್ಲ ಕಪ್ಪು ಚುಕ್ಕೆ, ಮುಗ್ಗಲು ವಾಸನೆ. ಮಗು ಅದರ ಪಕ್ಕ ಮೂಗಿಟ್ಟು ಮಲಗುತ್ತದೆ, ಹಾಗಾಗಿ ಎಸೆದೆ.

ಎರಡನೇದನ್ನು ನಾವೇ ಮಾಡಿಸಿದೆವು. ಕುಶಾಲನಗರದ ಹಾಸಿಗೆ ಅಂಗಡಿಯವರು "ಎಷ್ಟು ಡೆನ್ಸಿಟಿ ಬೇಕು?" ಅಂತ ಕೇಳಿದರು. 40 ಅಂದರೆ ಒಂದು ಘನ ಮೀಟರ್ ಫೋಮ್ 40 ಕೆ.ಜಿ. ತೂಗುತ್ತದೆ ಅಂತ. ನಂಬರ್ ಜಾಸ್ತಿ ಇದ್ದಷ್ಟು ಬಾಳಿಕೆ ಬರುತ್ತದೆ. ಟಿವಿ ಪೆಟ್ಟಿಗೆಯಲ್ಲಿ ಬರುವ ಬಿಳಿ ಫೋಮ್ ನೀರು ಕುಡಿಯುವುದಿಲ್ಲ, ಅದನ್ನೂ ತೋರಿಸಿದರು. ಒತ್ತಿದರೆ ಕಿರ್ ಕಿರ್ ಅನ್ನುತ್ತದೆ, ಬೇಡ ಅಂದೆ. 40ರ ಮಾಮೂಲಿ ಫೋಮನ್ನು, ಮೆಮೊರಿ ಅಲ್ಲದ್ದನ್ನು, ಆರಿಸಿದೆವು.

ತ್ರಿಕೋನ ಮಾಡಿಸಬೇಡಿ. ಮೇಲಿನ ಚೂಪು ಅಂಚು ಮಡಚಿಕೊಳ್ಳುತ್ತದೆ, ನಾವು ಚೂರು ಫೋಮಿನಲ್ಲಿ ಮಾಡಿ ನೋಡಿದ್ದೆವು. ನಾಲ್ಕು ಅಡಿ ಉದ್ದ, ಹತ್ತು ಇಂಚು ಅಗಲ, ಐದು ಇಂಚು ದಪ್ಪದ ಒಂದು ಗಟ್ಟಿ ತೆಗೆದುಕೊಂಡೆವು. ಮೇಲ್ಮುಖದಲ್ಲಿ ಎಡಗಡೆಯಿಂದ ಎರಡು ಇಂಚಿಗೆ ಗೆರೆ, ಕೆಳಮುಖದಲ್ಲಿ ಬಲಗಡೆಯಿಂದ ಎರಡು ಇಂಚಿಗೆ ಗೆರೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಓರೆಯಾಗಿ ಕೊಯ್ದರೆ ಒಂದೇ ಗಟ್ಟಿಯಿಂದ ಎರಡು ತಡೆ. ಎರಡಕ್ಕೂ ತಳ ಎಂಟು ಇಂಚು, ತಲೆ ಎರಡು ಇಂಚು. ಓರೆ ಬದಿ ಮಗುವಿನ ಕಡೆ, ನೆಟ್ಟಗಿನ ಬದಿ ಹೊರಗೆ. ಅಂಗಡಿಯವರು ಉದ್ದ ಗರಗಸದಲ್ಲಿ ಕೊಯ್ದು ಕೊಟ್ಟರು. ಎರಡೂ ಬದಿಗೆ ಆಯಿತು, ಒಂದು ಚೂರೂ ವೇಸ್ಟ್ ಆಗಲಿಲ್ಲ. ಇದಕ್ಕೆ ಆನ್‌ಲೈನ್ ಫೋಮಿಗಿಂತ ಕಮ್ಮಿ ದುಡ್ಡು.

ಫೋಮಿಗೆ ಮೊದಲು ಬಾಣಂತಿತನದ ರಬ್ಬರ್ ಶೀಟನ್ನು ಬಿಗಿಯಾಗಿ ಸುತ್ತಿ, ಜೋಡಣೆಯನ್ನು ತಳಕ್ಕೆ ತಂದು ಟೇಪ್ ಹಾಕಿದೆ. ಅದರ ಮೇಲೆ ಜಿಪ್ ಇರುವ ಹತ್ತಿ ಬಟ್ಟೆಯ ಕವರ್. ರಬ್ಬರ್ ಶೀಟ್ ಎಲ್ಲೂ ಸಡಿಲವಾಗಿ ಹೊರಗೆ ಇಣುಕಬಾರದು, ಮಗುವಿನ ಮುಖಕ್ಕೆ ಅಂಟಿದರೆ ಕಷ್ಟ. ಒಂದೊಂದು ತಡೆಗೆ ಎರಡೆರಡು ಕವರ್ ಹೊಲಿಸಿದೆ. ಒದ್ದೆಯಾದದ್ದು ಬಚ್ಚಲೊಲೆ ಮೇಲಿನ ಹಗ್ಗಕ್ಕೆ ಹೋಗುತ್ತದೆ. ಒಲೆ ಹತ್ತಿರ ಬಟ್ಟೆ ಕವರ್ ಮಾತ್ರ, ಫೋಮ್ ಯಾವತ್ತೂ ಬೇಡ. ಕಿಡಿ ಹಾರಿದರೆ ಅದು ಭಗ್ ಅಂತ ಹತ್ತಿಕೊಳ್ಳುವ ವಸ್ತು, ಹೊಗೆಯೂ ವಿಷ.

ನಾದಿನಿ ನೋಡಿ ತನ್ನ ಎಂಟು ತಿಂಗಳ ಮಗಳಿಗೂ ಒಂದು ಮಾಡಿಸಿಕೊಡಿ ಅತ್ತಿಗೆ ಅಂದಳು. ಆಗೋದಿಲ್ಲ ಅಂದೆ. ಬೇಜಾರು ಮಾಡಿಕೊಂಡಳು. ವರ್ಷ ತುಂಬದ ಮಗುವಿನ ಹತ್ತಿರ ಮೆತ್ತಗಿನ ವಸ್ತು ಯಾವುದೂ ಇರಬಾರದು. ಮುಖ ಅದಕ್ಕೆ ಒತ್ತಿದರೆ ತಿರುಗಿಸಿಕೊಳ್ಳಲು ಆ ಕೂಸಿಗೆ ತಿಳಿಯುವುದಿಲ್ಲ, ಉಸಿರು ಕಟ್ಟುತ್ತದೆ. ಅಮೆರಿಕದಲ್ಲಿ ತೊಟ್ಟಿಲಿನ ಒಳಸುತ್ತಿಗೆ ಕಟ್ಟುವ ಮೆತ್ತೆಗಳನ್ನು 2022ರಲ್ಲಿ ಕಾನೂನು ಮಾಡಿಯೇ ನಿಷೇಧಿಸಿದ್ದಾರೆ. ಇದನ್ನೆಲ್ಲ ಹೇಳಿದ ಮೇಲೆ ಅವಳು ಮರದ ತೊಟ್ಟಿಲನ್ನೇ ಮುಂದುವರಿಸಿದಳು.

ಈಗ ನನ್ನ ಮಗನಿಗೆ ಮೂರು ದಾಟಿದೆ. ಫೋಮ್ ಕಟ್ಟಿದ ಬದಿಯಿಂದ ಒಂದೇ ಸಲ ಬಿದ್ದ, ಅದೂ ಸಂಜೆ ಕುಣಿಯುವಾಗ, ಕೆಳಗಿನ ಹತ್ತಿ ಹಾಸಿಗೆ ಮೇಲೆ. ನಾದಿನಿಯ ಮಗಳು ಎರಡಕ್ಕೆ ಬಂದಳು, ತಡೆಗಳನ್ನು ಅವಳಿಗೆ ಕೊಡೋಣ ಅಂತ ಮೊನ್ನೆ ಎರಡನ್ನೂ ಕೆಳಗಿಳಿಸಿದೆ. ಒಂದು ಹೋಯಿತು. ಇನ್ನೊಂದರ ಮೇಲೆ ಇವನು ಕಾಲು ಎರಡೂ ಬದಿಗೆ ಹಾಕಿ ಕೂತಿದ್ದ. ಅದು ಮಡಿಕೇರಿ ಬಸ್ಸಂತೆ, ಇನ್ನೂ ಸ್ಟಾಪ್ ಬಂದಿಲ್ಲವಂತೆ.