ಕರಿಮೆಣಸಿನ ಖಾರವನ್ನು ಹರಳಾಗಿ ನೋಡಿದ್ದು

ಎಂಎಸ್ಸಿ ಪ್ರಾಜೆಕ್ಟಿಗೆ ಕರಿಮೆಣಸಿನಿಂದ ಪೈಪರೀನ್ ತೆಗೆಯಲು ಹೊರಟಿದ್ದೆ. ಮೆಣಸಿಗೆ ಖಾರ ಕೊಡುವ ಆಲ್ಕಲಾಯ್ಡ್ (ಗಿಡಗಳಲ್ಲಿ ಸಿಗುವ ಸಾರಜನಕ ಇರುವ ರಾಸಾಯನಿಕ) ಇದೇ. ಮನೆಯ ತೋಟದಲ್ಲೇ ಬಳ್ಳಿ ಇರುವಾಗ ಅಂಗಡಿ ಮೆಣಸು ಯಾಕೆ ಅಂತ ಊರಿಂದಲೇ ತಂದೆ.

20 ಗ್ರಾಂ ಪುಡಿಯನ್ನು ಎಥನಾಲ್‌ನಲ್ಲಿ ಎರಡು ಗಂಟೆ ರಿಫ್ಲಕ್ಸ್ ಮಾಡಿ (ಆವಿ ತಣಿದು ಮತ್ತೆ ಫ್ಲಾಸ್ಕಿಗೇ ಬೀಳುವಂತೆ ಕುದಿಸಿ), ಸೋಸಿ, ಎಥನಾಲನ್ನು ಬಹುಪಾಲು ಇಂಗಿಸಿದೆ. ಉಳಿದದ್ದು ಡಾಂಬರಿನಂಥ ಅಂಟು. ಅದರಲ್ಲಿ ಪೈಪರೀನ್ ಜೊತೆ ರೆಸಿನ್, ಅಂದರೆ ಗಿಡದ ಅಂಟು ರಾಳ ಕೂಡ ಇರುತ್ತದೆ. ರೆಸಿನ್‌ಗೆ ಆಮ್ಲದ ಗುಣ. ಎಥನಾಲ್‌ನಲ್ಲಿ ಕರಗಿಸಿದ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದರೆ ಅದು ಲವಣವಾಗಿ ತಳಕ್ಕೆ ಕೂರುತ್ತದೆ. ಪೈಪರೀನ್ ಅಮೈಡ್ ಎಂಬ ಬಗೆಯ ಸಂಯುಕ್ತ, ಕ್ಷಾರಕ್ಕೆ ಅಷ್ಟು ಬೇಗ ಬಗ್ಗುವುದಿಲ್ಲ, ಮೇಲಿನ ದ್ರಾವಣದಲ್ಲೇ ಉಳಿಯುತ್ತದೆ. ಕ್ಷಾರದ ಜೊತೆ ತುಂಬಾ ಹೊತ್ತು ಕುದಿಸಿದರೆ ಮಾತ್ರ ಪೈಪರಿಕ್ ಆಮ್ಲ, ಪೈಪರಿಡೀನ್ ಎಂದು ಎರಡಾಗಿ ಒಡೆಯುತ್ತದೆ.

ಇಲ್ಲಿವರೆಗೆ ಎಲ್ಲ ಸರಿ ಇತ್ತು. ಸೋಸಿದ ದ್ರಾವಣಕ್ಕೆ ಇನ್ನು ನೀರು ಸೇರಿಸಬೇಕು. ಪೈಪರೀನ್ ನೀರಿನಲ್ಲಿ ಕರಗುವುದು ಲೀಟರಿಗೆ ಸುಮಾರು 40 ಮಿಲಿಗ್ರಾಂ ಅಷ್ಟೇ, ಹಾಗಾಗಿ ಹೊರಗೆ ಬರಲೇಬೇಕು. ನಾನು ಸಂಜೆ ಬಸ್ಸಿನ ಅವಸರದಲ್ಲಿ ನೀರನ್ನು ಒಂದೇ ಸಲ ಸುರಿದೆ. ಹಾಲಿನ ಹಾಗೆ ಬೆಳ್ಳಗಾಯಿತು. ಬೆಳಿಗ್ಗೆ ನೋಡಿದರೆ ತಳದಲ್ಲಿ ಹಳದಿ ಎಣ್ಣೆಯಂಥ ಜಿಡ್ಡು. ಒಂದು ಹರಳೂ ಇಲ್ಲ. ಮೂರು ದಿನದ ಕೆಲಸ ಸುಮ್ನೆ ಹೋಯಿತು.

ಎರಡನೇ ಸಲ ತೊಟ್ಟು ತೊಟ್ಟಾಗಿ ಹಾಕಿದೆ. ಮಬ್ಬು ಕಾಣುತ್ತಿದ್ದಂತೆ ನಿಲ್ಲಿಸಿ, ತಿಳಿಯಾಗುವಷ್ಟು ಬಿಸಿ ಮಾಡಿ, ಫ್ಲಾಸ್ಕಿನ ಒಳಗೋಡೆಯನ್ನು ಗಾಜಿನ ಕಡ್ಡಿಯಿಂದ ಕೆರೆದು ಬಿಟ್ಟೆ. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಮೂರನೇ ದಿನ ತೆಳು ಹಳದಿ ಸೂಜಿಗಳು! ಬಿಸಿ ಮಾಡಿ ನೋಡಿದರೆ ಮೊದಲು 121 ಡಿಗ್ರಿಗೇ ಕರಗತೊಡಗಿದವು; ಶುದ್ಧವಾಗಿದ್ದರೆ ಇಷ್ಟು ಬೇಗ ಕರಗುವುದಿಲ್ಲ, ಅಂದರೆ ಕಲಬೆರಕೆ. ಇನ್ನೊಮ್ಮೆ ಹರಳಾಗಿಸಿದ ಮೇಲೆ 128ಕ್ಕೆ ಬಂತು. ಸಿಕ್ಕಿದ್ದು ಬರೀ ಅರ್ಧ ಗ್ರಾಂ. ಬೆಳಕಿಗೆ ಪೈಪರೀನ್ ಅಣುವಿನ ಆಕಾರ ಬದಲಾಗಿ ಖಾರ ಕಡಿಮೆಯಾಗುತ್ತದೆ ಅಂತ ಸೀಸೆಗೆ ಫಾಯಿಲ್ ಸುತ್ತಿದೆ.

ಮೂಗಿಗೆ ಹಿಡಿದರೆ ಮೆಣಸಿನ ವಾಸನೆಯೇ ಇಲ್ಲ. ವಾಸನೆ ಇರುವುದು ಆವಿಯಾಗಿ ಹೋಗುವ ಎಣ್ಣೆಯಲ್ಲಿ ಅಲ್ವಾ! ನಾಲಿಗೆಗೆ ಇಟ್ಟು ನೋಡುವ ಆಸೆಯಾಯಿತು, ಆದರೆ ಲ್ಯಾಬಿನಲ್ಲಿ ಮಾಡಿದ್ದನ್ನು ತಿನ್ನಬಾರದು.

1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಜನರಿಗೆ 2 ಗ್ರಾಂ ಕರ್ಕ್ಯುಮಿನ್ (ಅರಿಶಿನದ ಹಳದಿ ಅಂಶ) ಜೊತೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ, ರಕ್ತಕ್ಕೆ ಸೇರುವ ಕರ್ಕ್ಯುಮಿನ್ 2000% ಜಾಸ್ತಿಯಾಗಿತ್ತು. 20 ಮಿಲಿಗ್ರಾಂ ಎಷ್ಟಿರಬಹುದು ಅಂತ ತೂಗಿ ನೋಡಿದೆ. ಕಾಗದದ ಮೇಲೆ ಒಂದು ಚಿಟಿಕೆಯೂ ಇರಲಿಲ್ಲ.